ಬಳೆ ತೆಗೆದಿಟ್ಟ ಕೈ

॥ ಶ್ರೀ ॥

ಕಾಚಿಗೂಡ, ಹೈದರಾಬಾದ್
೧೧-೯-೧೯೮೮, ರವಿವಾರ

ಚಿರಂಜೀವಿ ಸೌಭಾಗ್ಯವತಿ ವನಜಾಗ,

ನಿನ್ನ ಅಮ್ಮನ ಆಶೀರ್ವಾದ. ಇಲ್ಲೆ ನಾವು ಮೂರೂ ಮಂದಿ ಅರಾಮ ಇದ್ದೀವಿ. ನೀನು, ಅಳಿಯಂದ್ರು, ನಿಮ್ಮ ಅತ್ತಿ-ಮಾವ ಎಲ್ಲಾರೂ ಅರಾಮ ಇದ್ದೀರಿ ಅಂತ ತಿಳಕೊಂಡೀನಿ. ನಿನ್ನ ಪತ್ರ ಬಂದು ಭಾಳ ದಿನಾ ಆತು. ಉತ್ತರ ತಡಾ ಆದದ್ದಕ್ಕ ಸಿಟ್ಟಾಗಬ್ಯಾಡ. ಪುರಸೊತ್ತು ಇರಲಿಲ್ಲ ಅಂತ ಬರೀಬಹುದಿತ್ತು, ಆದ್ರ ಹೋದ ರವಿವಾರ ಮಧ್ಯಾಹ್ನಪೂರ್ತಿ ಸುಮ್ಮನ ಕೂತಿದ್ದೆ. ಬರೀಲಿಕ್ಕೆ ಮನಸ್ಸಾಗಲಿಲ್ಲ, ಅಷ್ಟ.

ಅಜ್ಜಿಯ ಮೊಣಕಾಲು ಮಳಿಗಾಲಕ್ಕ ಮತ್ತ ಹಿಡಕೊಂಡದ. ಬಾಯಿಗೆ ಮಾತ್ರ ಏನೂ ಆಗಿಲ್ಲ. ದಧಿವ್ರತ ನಡದದ, ಮನ್ಯಾಗ ಮೊಸರಿಲ್ಲ, ನಿಮ್ಮಪ್ಪ ದಿನಾ ಕಡೀ ಅನ್ನಕ್ಕ ಮಾರಿ ಸಪ್ಪಗ ಮಾಡಿಕೊಂಡು ಏಳ್ತಾರ. ಆಫೀಸಿನ ಕ್ಯಾಂಟೀನಿನ್ಯಾಗ ಮೊಸರನ್ನ ಹೊಡದು ಬರ್ತಾರೋ ಏನೋ, ನಾ ಕೇಳಿಲ್ಲ, ಅಜ್ಜೀನೂ ಕೇಳಿಲ್ಲ. ಮ್ಯಾಲಿನ ಮನಿಗೆ ಹೊಸಾ ಬಾಡಿಗಿಯವರು ಬಂದಾರ, ತೆಲುಗಿನವರು, ಛಲೋ ಮಂದಿ. ಅವರ ನಳದ ನೀರು ನಮ್ಮ ಅಂಗಳಕ್ಕ ಬೀಳ್ತದ ಅನ್ನೂದೊಂದ ತಕರಾರು.

ಈಗ ನಿನ್ನ ಪತ್ರದ ಮಾತಿಗೆ ಬರ್ತೀನಿ. ನೀ ಬರದದ್ದು ಇಷ್ಟು: ಅಮ್ಮ, ನೀ ಫ್ಯಾಕ್ಟರಿ ಕೆಲಸ ಬಿಟ್ಟಿ ಅಂದ್ರ ಚೊಚ್ಚಲ ಬಾಣಂತನಕ್ಕ ಹೈದರಾಬಾದಿಗೆ ಬರ್ತೀನಿ, ಇಲ್ಲಾಂದ್ರ ಇಲ್ಲೇ ರಾಯಚೂರಾಗ ಇದ್ದು ಬಿಡ್ತೀನಿ. ದಿನಾ ಬಳಿ, ಕುಂಕುಮ ತಗಿಯೂ ಕೆಲಸ ನಮ್ಮತ್ತಿಯವರಿಗೆ ಸೇರೂದಿಲ್ಲ. ಹಿಂಗ ಬರದಿ. ನಿಮ್ಮಪ್ಪಗ ಓದಿ ಹೇಳಿದೆ. ಅವರು ಚಾಳೀಸು ತಗದು ಒರಸಿ, "ನಿನ್ನ ಮಗಳು, ನೀನ ಉತ್ತರಾ ಬರಿ" ಅಂದು ಪೇಪರ್ ಹಿಡಕೊಂಡ್ರು. ಸೆಕ್ರೆಟೇರಿಯಟ್ಟಿನ್ಯಾಗ ಇಷ್ಟು ವರ್ಷ ಫೈಲು ಈ ಟೇಬಲ್ಲಿಂದ ಆ ಟೇಬಲ್ಲಿಗೆ ಸರಿಸಿದವರು, ಮನ್ಯಾಗೂ ಅದನ್ನ ಮಾಡ್ತಾರ.

ನನ್ನ ಉತ್ತರ ಮೊದಲ ಬರದು ಬಿಡ್ತೀನಿ. ಕೆಲಸ ಬಿಡೂದಿಲ್ಲ. ನೀ ಬಾಣಂತನಕ್ಕ ನಮ್ಮ ಮನಿಗೇ ಬರಬೇಕು ಅನ್ನೂದು ನನ್ನ ದೊಡ್ಡ ಆಸೆ, ಅದನ್ನೂ ಮುಚ್ಚಿಡೂದಿಲ್ಲ. ಹೊಟ್ಟ್ಯಾಗ ಇಟ್ಟುಕೊಂಡು ತಿರುಗೂದಕ್ಕಿಂತ ಎರಡೂ ನಿನ್ನ ಮುಂದ ಇಡೂದು ಛಲೋ. ಇದನ್ನ ಓದಿ ಪತ್ರಾ ಹರದು ಒಗೀಬ್ಯಾಡ, ಕಡೀತನಕಾ ಓದು. ಈ ಕೆಲಸದ ಸುದ್ದಿ ನಿನಗ ಅರ್ಧ ಗೊತ್ತದ, ಅರ್ಧ ಮಂದಿ ಬಾಯಿಂದ ಕೇಳಿದ್ದು. ನನ್ನ ಬಾಯಿಂದ ಪೂರ್ತಿ ಕೇಳೇ ಇಲ್ಲ.

ನಿನ್ನ ಮದುವಿ ಆದ ವರ್ಷ ಒಂದಿನ ಅಜ್ಜಿಯ ಔಷಧ ತರಲಿಕ್ಕೆ ನಾ ಒಬ್ಬಾಕೀನ ಕೋಠಿಗೆ ಹೋಗಿದ್ದೆ. ನಿಮ್ಮಪ್ಪಗ ಆಫೀಸಿನ್ಯಾಗ ಆಡಿಟ್ ಇತ್ತು. ಔಷಧ ಏನೋ ಸಿಕ್ಕಿತು. ತಿರುಗಿ ಬರೂವಾಗ ತಪ್ಪು ಬಸ್ ಹತ್ತಿದೆ. ಕೋಠಿಯಿಂದ ನಮ್ಮ ಮನಿ ಎಷ್ಟು ದೂರ ಅಂತ ನಿನಗ ಗೊತ್ತೇ ಅದ, ನಡದ್ರ ಬೆವರು ಬರೂದರೊಳಗ ಮುಟ್ಟಬಹುದು. ಆ ಬಸ್ಸು ನನ್ನ ಒಯ್ದು ದಿಲಸುಖನಗರದಾಗ ಇಳಿಸಿತು. ಕಂಡಕ್ಟರ್ ತೆಲುಗಿನ್ಯಾಗ ಏನೋ ಬೈದ. ಬಸ್ಸಿನ ಬೋರ್ಡು ನಾ ಓದಬಹುದಿತ್ತಲ್ಲ ವನಜಾ, ತೆಲುಗು ಅಕ್ಷರ ಏನು ನಮ್ಮ ಅಕ್ಷರಕ್ಕ ಅಷ್ಟು ದೂರನ? ಮೆಟ್ರಿಕ್ ಪಾಸಾದಾಕಿ ನಾನು. ಆದ್ರ ಓದೂ ಧೈರ್ಯನ ಆಗಿರಲಿಲ್ಲ. ಲಗ್ನಾಗಿ ಈ ಊರಿಗೆ ಬಂದಾಗಿಂದ ಯಾರದಾದ್ರೂ ಬೆನ್ನ ಹಿಂದನ ತಿರುಗೀನಿ. ಅಂಗಡಿ ಮೆಟ್ಟಲ ಮ್ಯಾಲೆ ಕೂತು ಅತ್ತೆ. ಒಬ್ಬ ಆಟೋದವ, ಮುದುಕ, "ಕ್ಯೂಂ ರೋತೆ ಅಮ್ಮಾ, ಘರ್ ಕಾಂ ಹೈ ಬೋಲೋ" ಅಂತ ಮನಿ ಎಲ್ಲೆ ಅದ ಕೇಳಿಕೊಂಡು ಬಾಗಲಾತನಕಾ ತಂದು ಬಿಟ್ಟ.

ಮನ್ಯಾಗ ಎಲ್ಲಾರೂ ನಕ್ಕರು. ನಾನೂ ನಕ್ಕೆ. ಆದ್ರ ಒಳಗ ಭಾಳ ನಾಚಿಗಿ ಆಗಿತ್ತು. ನಲವತ್ತು ದಾಟಿದ ಹೆಂಗಸು ತನ್ನ ಊರಾಗ ದಾರಿ ತಪ್ಪಿ ಅಳೂದಂದ್ರ ಏನು? ಹಿಂಗ ಇದ್ರ ನಾಳೆ ನಿಮ್ಮಪ್ಪಗೇನರ ಆದ್ರ ದವಾಖಾನಿ ಹುಡುಕಲಿಕ್ಕೂ ನನಗ ಆಗೂದಿಲ್ಲ ಅನ್ನಿಸಿತು.

ನಮ್ಮ ಓಣಿಯ ಶಿವದೇವಿ ನಿನಗ ಗೊತ್ತಲ್ಲ, ಅರಿವಿ ಅಂಗಡಿ ಬಂಡೆಪ್ಪನವರ ಸೊಸಿ. ಆಕಿ ಜೀಡಿಮೆಟ್ಲಾದಾಗ ಗುಳಿಗಿ ಮಾಡೂ ಫ್ಯಾಕ್ಟರಿಗೆ ಹೋಗ್ತಿದ್ಲು. "ನಮ್ಮಲ್ಲಿ ಗುಳಿಗಿ ಆರಿಸಾಕ ಹೆಣ್ಮಕ್ಕಳು ಬೇಕಾಗ್ಯಾರ ಬಾಯಾರ. ಕಣ್ಣು ಚುರುಕು ಇದ್ರ ಸಾಕು. ನೀವು ಅಕ್ಕಿ ಆರಿಸೂದು ನೋಡೀನಿ, ಒಂದು ಹರಳೂ ಬಿಡೂದಿಲ್ಲ ನೀವು" ಅಂದ್ಲು. "ಅಷ್ಟು ದೂರ ನಾ ಹ್ಯಾಂಗ ಹೋಗ್ಲಿ?" ಅಂದೆ. "ನನ್ನ ಕೂಡ ಬರ್ರಿ, ಹುಲಿ ತಿಂತೈತೇನು?" ಅಂದ್ಲು. ನಿಮ್ಮಪ್ಪ "ಎರಡು ತಿಂಗಳು ನೋಡು" ಅಂದ್ರು. ನಾ ಒಂದ ವಾರಕ್ಕ ಬಿಟ್ಟು ಬರ್ತೀನಿ ಅಂತ ಅವರ ಲೆಕ್ಕ ಇತ್ತು. ಅಜ್ಜಿ ಏನೂ ಅನ್ನಲಿಲ್ಲ. ಅಜ್ಜಿ ಏನೂ ಅನ್ನಲಿಲ್ಲ ಅಂದ್ರ ಏನು ಅಂತ ನಿನಗ ನಾ ಬಿಡಿಸಿ ಹೇಳಬೇಕಿಲ್ಲ.

ಮೊದಲನೇ ದಿನ ಒಳಗ ಬಿಡೂಕಿಂತ ಮೊದಲ ಸೂಪರ್‌ವೈಸರ್ ಬಾಯಿ ನನ್ನ ಕೈ ನೋಡಿ, "ಗಾಜುಲು ತೀಯಂಡಮ್ಮಾ" ಅಂದ್ಲು. ಬಳಿ ತಗೀರಿ ಅಂತ. ನನಗ ತಿಳೀತು, ಆದ್ರ ತಿಳೀಲಿಲ್ಲ ಅನ್ನೂಹಂಗ ನಿಂತೆ. ಆಮ್ಯಾಲೆ ನನ್ನ ಹಣಿ ತೋರಿಸಿ ಅದನ್ನೂ ಒರಸಬೇಕು ಅಂದ್ಲು. ಬಳಿ ಒಡದು ಕಾಜಿನ ಚೂರು ಗುಳಿಗ್ಯಾಗ ಬಿದ್ರ, ಕುಂಕುಮದ ಪುಡಿ ಉದುರಿದ್ರ, ಅದನ್ನ ನುಂಗೂ ರೋಗಿ ಗತಿ ಏನು ಅಂತ ಶಿವದೇವಿ ಬಿಡಿಸಿ ಹೇಳಿದ್ಲು. ಮಾತು ಖರೇನ. ಆದ್ರ ಲಗ್ನಾದಾಗಿಂದ ಬರೇ ಕೈ, ಬರೇ ಹಣಿ ನಾ ಕನ್ನಡ್ಯಾಗೂ ನೋಡಿಕೊಂಡಾಕಿ ಅಲ್ಲ. ಬಳಿ ಬಿಗಿ ಇದ್ದವು, ಒಡೀಬೇಕಾಗ್ತದೋ ಏನೋ ಅಂತ ಅಂಜಿ ಕೈ ಹಿಂದಕ್ಕ ಎಳಕೊಂಡೆ. ಶಿವದೇವಿ ಸಾಬಾಣ ಹಚ್ಚಿ ಒಂದೊಂದ ಜಾರಿಸಿ ತಗದ್ಲು. ಒಂದೂ ಒಡೀಲಿಲ್ಲ. ಮಂಗಳಸೂತ್ರ ಮಾತ್ರ ತಗಿಯೂದಿಲ್ಲ ಅಂದೆ. ಅದನ್ನ ಕುಪ್ಪಸದ ಒಳಗ ಪಿನ್ನು ಹಾಕಿ ಇಟ್ಟುಕೊಳ್ಳಲಿಕ್ಕೆ ಒಪ್ಪಿದ್ರು. ಆ ದಿನ ಕೆಲಸ ಏನು ಮಾಡಿದೆನೋ ನೆನಪಿಲ್ಲ, ತಲಿ ಎತ್ತಲಿಲ್ಲ. ಮರುದಿನ ಚುಡಿ ಬಜಾರದ ದೊಡ್ಡ ಅಳತಿ ಬಳಿ ಹಾಕ್ಕೊಂಡು ಹೋದೆ. ಅವು ಸುಮ್ಮನ ಜಾರಿ ಬರ್ತಾವ.

ಇನ್ನೊಂದು ಸುದ್ದಿ ಕೇಳು, ನಗ್ತಿ. ಒಳಗ ಹೋಗೂ ಮುಂದ ತೊಳದ ಬಿಳೀ ಅರಿವಿ ಹಾಕ್ಕೋಬೇಕು, ತಲಿಗೆ ಟೊಪ್ಪಿಗಿ, ಮಾರಿಗೆ ಪಟ್ಟಿ. ಹೊರಗಿನವರನ್ನ ಮುಟ್ಟೂಹಂಗಿಲ್ಲ, ಮುಟ್ಟಿದ್ರ ಮತ್ತ ಬದಲಾಯಿಸಬೇಕು. ನನಗ ಇದರಾಗ ಕಲಿಯೂದು ಏನೂ ಇರಲಿಲ್ಲ, ಮಡಿ ಮಾಡೂ ಮನ್ಯಾಗ ಬೆಳದಾಕಿ. ನಮ್ಮ ಅಜ್ಜಿಯನ್ನ ಅಲ್ಲೆ ನಿಂದ್ರಿಸಿದ್ರ ಮೊದಲನೇ ದಿನಾನ ಮ್ಯಾನೇಜರನ್ನ ಹೊರಗ ಹಾಕ್ತಿದ್ರು. ಆದ್ರ ಕೈಗೆ ಕಡೀಕ ಸ್ಪಿರಿಟ್ ಹಾಕ್ತಾರ. ಅದರ ವಾಸನಿ ಥೇಟ್ ಸೆರೆದ್ದು. ನಾ ಹಾಕಿಸಿಕೊಂಡು, ಮೂಲ್ಯಾಗಿನ ನಳಕ್ಕ ಹೋಗಿ ಕೈ ತೊಳಕೊಂಡು ಬರ್ತಿದ್ದೆ. ನೀರಿನಿಂದನ ಅಲ್ಲೇನು ಶುದ್ಧ ಆಗೂದು? ಸೂಪರ್‌ವೈಸರ್ ಬಾಯಿ ಮತ್ತ ಹಾಕ್ತಿದ್ಲು, ನಾ ಮತ್ತ ತೊಳೀತಿದ್ದೆ. ವಾರಾ ಆದಮ್ಯಾಲೆ ಆಕೀಗೆ ಗೊತ್ತಾಗಿ, ಹಣಿ ಹಣಿ ಬಡಕೊಂಡು, ನೀರಿನ್ಯಾಗೂ ಕ್ರಿಮಿ ಇರ್ತಾವ ಅಂತ ಎಲ್ಲಾರ ಮುಂದ ಬೈದ್ಲು. ಈಗ ತೊಳಕೊಳ್ಳೂದಿಲ್ಲ. ಮನಿಗೆ ಬಂದು ಸ್ನಾನ ಮಾಡ್ತೀನಿ, ಮುಗೀತು.

ಈಗ ನನಗ ತೆಲುಗು ಬರ್ತದ. ಛಲೋ ಬರ್ತದ ಅಂತಲ್ಲ, ಜಗಳಾಡಲಿಕ್ಕೆ ಸಾಲೂವಷ್ಟು ಬರ್ತದ. ಶಿವದೇವಿ ರಜಾ ಹಾಕಿದ ದಿನ ಒಬ್ಬಾಕೀನ ಎರಡು ಬಸ್ಸು ಬದಲಾಯಿಸಿ ಹೋಗಿ ಬರ್ತೀನಿ. ಹೋದ ತಿಂಗಳು ಒಂದಿನ ಪಟ್ಟಿಗೆ ಗುಳಿಗಿ ತುಂಬೂ ಮಷೀನಿನ್ಯಾಗ ಮುರದ ಗುಳಿಗಿ ಬರಲಿಕ್ಕತ್ತಿದ್ದವು. ಮಷೀನಿನವ ಆ ಕಡೆ ಮಾರಿ ಮಾಡಿ ಮಾತಾಡ್ಕೋತ ನಿಂತಿದ್ದ. ನಾ ಎದ್ದು ನಿಂತು "ಆಪಂಡಿ" ಅಂದೆ. ಕೇಳಲಿಲ್ಲ. ಇನ್ನೊಮ್ಮೆ ಜೋರಿಲೆ ಅಂದೆ. ನಿಲ್ಲಿಸಿದ. ಸಿಟ್ಟಿನಿಂದ ಏನೇನೋ ಅಂದ, ನಾ ಮುರದ ಗುಳಿಗಿ ಎತ್ತಿ ತೋರಿಸಿ ಸುಮ್ಮನ ಕೂತೆ. ಏನೂ ದೊಡ್ಡ ಮಾತಲ್ಲ ಇದು. ಆದ್ರ ನಾ ನಿಲ್ಲಸ್ರಿ ಅಂದದ್ದಕ್ಕ ಏನರ ನಿಂತದ್ದು ನನ್ನ ಜನ್ಮದಾಗ ಅದ ಮೊದಲು. ಬಸ್ಸಿನ್ಯಾಗ ಬರೂವಾಗ ಪೂರ್ತಿ ದಾರಿ ಖುಷಿ ಇತ್ತು. ಮನ್ಯಾಗ ಹೇಳಿದ್ರ ನಿಮ್ಮಪ್ಪ, "ಪಾಪ, ಅವನ ಗತಿ" ಅಂದ್ರು.

ಈಗ ಆ ದಿನದ ಮಾತು. ಯಾವುದು ಅಂತ ನಿನಗ ತಿಳೀತು. ಹಂಗಾಮಿನ ಕೆಲಸ ಅಂತ ಸಂಜಿ ತಡಾ ಆಗಿತ್ತು, ಬಸ್ಸು ನಿಂತಿತ್ತು, ಶಿವದೇವಿ "ಬರ್ರಿ ಬರ್ರಿ" ಅಂತ ಒದರಿದ್ಲು. ಬಳಿ, ಕುಂಕುಮದ ಭರಣಿ ಎರಡೂ ಚೀಲದಾಗ ಇದ್ದವು. ಬಸ್ಸಿನ್ಯಾಗ ಹಾಕ್ಕೊಂಡ್ರಾತು ಅಂದುಕೊಂಡೆ. ನಿಂದ್ರಲಿಕ್ಕೂ ಜಾಗಾ ಇರಲಿಲ್ಲ, ಎರಡೂ ಕೈಲೆ ಸರಳು ಹಿಡದಿದ್ದೆ, ಇಳದ ಮ್ಯಾಲೆ ಖಬರನ ಉಳೀಲಿಲ್ಲ. ನಿಮ್ಮಪ್ಪ ಆಫೀಸ್ ಕೆಲಸಕ್ಕ ಕರ್ನೂಲಿಗೆ ಹೋಗಿದ್ರು. ಅಜ್ಜಿ ಬಾಗಲಾ ತಗದ್ರು. ನನ್ನ ಹಣಿ ನೋಡಿದ್ರು, ಕೈ ನೋಡಿದ್ರು. ಹೊಸ್ತಿಲದಾಗ ಕುಸದು ಕೂತು "ಜಯತೀರ್ಥಾ" ಅಂತ ಮಗನ ಹೆಸರು ಹಿಡಿದು ಒದರಿದ್ರು. ಆ ದನಿ ನಾ ಎಂದೂ ಕೇಳಿದ್ದಿಲ್ಲ. ಓಣಿ ಮಂದಿ ಎಲ್ಲಾ ಓಡಿ ಬಂದ್ರು. ಅಲ್ರೀ, ಅವರು ಅರಾಮ ಇದ್ದಾರ್ರಿ, ನಾ ಬಳಿ ಹಾಕ್ಕೊಳ್ಳೂದು ಮರತೀನ್ರಿ ಅಂತ ನಾ ಹೇಳಿದ್ದು ಅವರ ಕಿವ್ಯಾಗ ಇಳೀಬೇಕಾದ್ರ ಭಾಳ ಹೊತ್ತಾತು. ನಿಮ್ಮಪ್ಪ ಮರುದಿನ ಬಂದು ಎದುರಿಗೆ ನಿಂತ ಮ್ಯಾಲೆನ ಅವರು ನೀರು ಕುಡದದ್ದು. ಈ ಸುದ್ದಿನ ರಾಯಚೂರಿಗೆ ಮುಟ್ಟಿತು. ನಮ್ಮ ಓಣಿಗೆ ಪೋಸ್ಟ್ ಆಫೀಸ್ ಯಾಕ ಬೇಕು?

ಆ ವಾರ ನಾ ಕೆಲಸಕ್ಕ ಹೋಗಲಿಲ್ಲ. ಬಿಟ್ಟು ಬಿಡ್ತೀನಿ ಅಂತನ ನಿರ್ಧಾರ ಮಾಡಿದ್ದೆ. ಹೆತ್ತ ತಾಯಿಗೆ ಮಗಾ ಸತ್ತ ಅನ್ನೂ ಸಂಕಟಾ ಕೊಟ್ಟ ಮ್ಯಾಲೆ ಮತ್ತೇನು ಕೆಲಸ? ಅಜ್ಜಿ ಮುಂದ ಹೋಗಿ ಕೂತು, "ಅತ್ಯಾ, ನಾ ನಾಳೆ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳಿ ಬರ್ತೀನ್ರಿ" ಅಂದೆ. ಅವರು ಬತ್ತಿ ಹೊಸೀಲಿಕ್ಕತ್ತಿದ್ರು. ಮಾರಿ ಎತ್ತದನ ಹೇಳಿದ್ರು:

"ನನ್ನ ಬಳಿ ಮಂದಿ ಒಡದ್ರು. ನನ್ನ ಕೈ ಹಿಡಿದು ಕೂಡಿಸಿ ಒಡದ್ರು. ಬ್ಯಾಡ ಅಂದ್ರೂ ಬಿಡಲಿಲ್ಲ. ನಿನ್ನವು ನೀನ ತಗೀತಿ, ನೀನ ಹಾಕ್ಕೋತಿ. ಎರಡೂ ಒಂದ ಅಂತ ನಾ ತಿಳಕೊಂಡಿದ್ದೆ. ಈ ವಾರಪೂರ್ತಿ ಕೂತು ವಿಚಾರ ಮಾಡೀನಿ. ಒಂದಲ್ಲ. ಹೋಗು. ಬಸ್ ಹತ್ತೂಕಿಂತ ಮೊದಲ ಹಾಕ್ಕೋ, ಇನ್ನೊಮ್ಮೆ ನನ್ನ ಜೀವಾ ತಗೀಬ್ಯಾಡ."

ನಮ್ಮತ್ತಿ ತುಳಸಾಬಾಯಿ ಹಿಂಗ ಮಾತಾಡಿದ್ರು ಅಂತ ಯಾರಿಗರೆ ಹೇಳಿದ್ರ ನಂಬೂದಿಲ್ಲ. ಮೂವತ್ತಾರನೇ ವಯಸ್ಸಿಗೆ ಗಂಡನ್ನ ಕಳಕೊಂಡು ಕೆಂಪು ಸೀರಿ ಉಟ್ಟವರು ಅವರು, ಇಷ್ಟು ವರ್ಷದಾಗ ಆ ದಿನದ ಮಾತು ನನ್ನ ಮುಂದ ಒಮ್ಮೆನೂ ತಗದಿರಲಿಲ್ಲ. ನಾ ಅವರು ಹೊಸದ ಬತ್ತಿ ಡಬ್ಬಿಗೆ ಹಾಕಿದೆ. ಈಗ ದಿನಾ ಸಂಜಿ ಅವರು ಬಾಗಲಾ ತಗದಾಗ ಮೊದಲ ನನ್ನ ಕೈ ನೋಡ್ತಾರ, ಆಮ್ಯಾಲೆ "ಸ್ನಾನಾ ಮಾಡು, ಹೊತ್ತಾತು" ಅಂತಾರ. ಸ್ನಾನಾ ಆದಮ್ಯಾಲೆ ನನ್ನ ಕೈಲೆನ ಊಟಾ ಬಡಿಸಿಕೋತಾರ.

ಅದಕ್ಕ ಕೆಲಸ ಬಿಡೂದಿಲ್ಲ ವನಜಾ. ಹಟಾ ಅಂತ ತಿಳೀಬ್ಯಾಡ. ಮೊದಲಿನ ಆ ಅಂಗಡಿ ಮೆಟ್ಟಲ ಮ್ಯಾಲೆ ಅಳೂ ಹೆಂಗಸು ಇದ್ದಳಲ್ಲ, ಆಕಿ ನನಗ ಸೇರೂದಿಲ್ಲ. ನಿಮ್ಮ ಅತ್ತಿಯವರಿಗೆ ನನ್ನ ಕೆಲಸ ಸೇರದಿದ್ರ ಅವರ ಮ್ಯಾಲೆ ನನಗ ಸಿಟ್ಟಿಲ್ಲ ಅಂತ ಹೇಳು. ನಿನ್ನ ಬಸರಿನ ಕುಬಸದ ದಿನ ಹಡದ ತಾಯಿ ಕೈಲೆ ಉಡಿ ತುಂಬಸಲಿಲ್ಲ ಅಂತ ನಿಮ್ಮಪ್ಪಗ ಭಾಳ ಬ್ಯಾಸರ ಆಗೇದ. ಅದು ಬೀಗರ ಮನಿ, ಅವರ ಪದ್ಧತಿ ಇರ್ತದ, ಬಿಡ್ರಿ ಅಂದೆ.

ಬಾಣಂತನದ ತಯಾರಿ ಎಲ್ಲಾ ಮಾಡೀನಿ. ಎರಡು ತಿಂಗಳು ರಜಾ ಕೇಳೀನಿ, ಸೂಪರ್‌ವೈಸರ್ ಬಾಯಿ "ಮೊದಲನೇ ಮೊಮ್ಮಗು ಅಂದಮ್ಯಾಲೆ ಯಾರು ಇಲ್ಲ ಅಂತಾರ" ಅಂತ ಕೊಡಿಸ್ಯಾಳ. ಆ ಎರಡು ತಿಂಗಳು ನಾ ಪೂರ್ತಿ ನಿನ್ನ ಮಗ್ಗಲದಾಗ. ಆಮ್ಯಾಲೆ ಹೊತ್ತೇರಿದ ಮ್ಯಾಲೆ ಅಜ್ಜಿ ಇರ್ತಾರ, ಮಧ್ಯಾಹ್ನ ಕೂಸಿಗೆ ಎರಿಯಲಿಕ್ಕೆ ಬಸಲಿಂಗಮ್ಮ ಬರ್ತಾಳ. ಕೋಠಿ ಡಾಕ್ಟರ್ ಬಾಯಿ ಹತ್ತಿರ ನಾನ ಹೋಗಿ ಮಾತಾಡಿ ಬಂದೀನಿ, ಒಬ್ಬಾಕೀನ. ಅಂಟಿನುಂಡಿಗೆ ಅಂಟು, ಕೊಬ್ಬರಿ ತಂದಿಟ್ಟೀನಿ. ಬಳ್ಳೊಳ್ಳಿ ಮನಿಯೊಳಗ ತರೂದಿಲ್ಲ ಅಂತ ಅಜ್ಜಿ ಮೊದಲ ಅಂದ್ರು, ಆಮ್ಯಾಲೆ ಬಾಣಂತಿಗೆ ನಡೀತದ, ಹಿತ್ತಲದಾಗ ಬ್ಯಾರೆ ಒಲಿ ಹೂಡು ಅಂದ್ರು. ಒಲಿ ಹೂಡಿ ಆಗೇದ. ಪಿತೃಪಕ್ಷ ಹಿಡಿಯೂಕಿಂತ ಮೊದಲ ನೀ ಇಲ್ಲೆ ಮುಟ್ಟಬೇಕು. ಬರೂ ರವಿವಾರ ನಿನ್ನ ಕರಕೊಂಡು ಬರಲಿಕ್ಕೆ ನಿಮ್ಮಪ್ಪ ಗೌಲಿಗುಡಾದಿಂದ ಮುಂಜಾನಿ ಬಸ್ಸಿಗೆ ಹೊರಡ್ತಾರ.

ಅಳಿಯಂದ್ರಿಗೆ ಆಶೀರ್ವಾದ. ನಿಮ್ಮ ಅತ್ತಿ-ಮಾವಂದ್ರಿಗೆ ನಮಸ್ಕಾರ ತಿಳಿಸು. ಹುಳಿ ಭಾಳ ತಿನಬ್ಯಾಡ, ನೀರಿನ ಕೊಡಾ ಎತ್ತಬ್ಯಾಡ. ದೇವರು ನಿನ್ನನ್ನ, ನಿನ್ನ ಹೊಟ್ಟಿ ಕೂಸನ್ನ ಸುಖವಾಗಿ ಬ್ಯಾರೆ ಬ್ಯಾರೆ ಮಾಡಿ ನಮ್ಮ ಕಣ್ಣಿಗೆ ತೋರಿಸಲಿ.

ನಿನ್ನ ಅಮ್ಮ,
ಅಂಬುಬಾಯಿ

ತಾ.ಕ.: ಇಲ್ಲಿತನಕಾ ಬರದದ್ದು ನಿಮ್ಮಪ್ಪಗ, ಅಜ್ಜಿಗೆ ಓದಿ ಹೇಳೀನಿ. ಇದನ್ನ ಹೇಳೂದಿಲ್ಲ. ನೀ ನಿಮ್ಮ ಅತ್ತಿಯವರ ಹೆಸರು ತಗೊಂಡು ಬರದಿ, ನಾನೂ ಅವರ ಹೆಸರು ತಗೊಂಡೇ ಉತ್ತರಾ ಬರದೆ. ಆದ್ರ ಕುಬಸದ ದಿನ ನಿಮ್ಮತ್ತಿ ಯಮುನಾಬಾಯಿಯವರು ಉಡಿ ತುಂಬೂ ತಾಟು ನನ್ನ ಕೈಯಾಗ ಕೊಡಲಿಕ್ಕೇ ತಂದಿದ್ರು. ನಾ ಬಾಗಲದ ಹಿಂದ ಸೀರಿ ನಿರಿಗಿ ಸರಿ ಮಾಡ್ಕೋತ ನಿಂತಿದ್ದೆ, ನೀ ನೋಡಲಿಲ್ಲ. "ಅತ್ಯಾ, ಅಮ್ಮನ ಕೈಲೆ ಬ್ಯಾಡ್ರಿ. ದಿನಾ ಬರೇ ಮಾಡ್ಕೊಳ್ಳೂ ಕೈ ಅದು, ನನಗ ಹೆದರಿಕಿ ಆಗ್ತದ" ಅಂದಿ. ಅವರು "ಏ ಹುಚ್ಚಿ, ಹಡದ ತಾಯಿ ಅವರು" ಅಂದ್ರು. ನೀ ಕೇಳಲಿಲ್ಲ. ಮಗ್ಗಲ ಮನಿಯವರು ಬಂದು ನಿನ್ನ ಉಡಿ ತುಂಬಿದ್ರು, ನಾ ಹಿಂದ ಕೂತು ಹಾಡು ಹೇಳಿದೆ. ಆ ದಿನ ನನ್ನ ಎರಡೂ ಕೈ ತುಂಬ ಹಸರು ಬಳಿ ಇದ್ದವು, ನಿನ್ನ ಕುಬಸ ಅಂತ ಬಿಗಿ ಅಳತೀದು ಇಡಿಸಿಕೊಂಡು ಬಂದಿದ್ದೆ.

ಅಜ್ಜಿ ಆ ಸಂಜಿ ಅಂಜಿದ್ದು ತಮ್ಮ ಮಗನ ಸಲುವಾಗಿ. ನೀ ಅಂಜಿದ್ದು ನನಗ. ಅದು ನನಗ ಭಾಳ ನೋವಾಗೇದ, ವನಜಾ. ಈ ಮಾತು ಒಳಗ ಇಟ್ಟುಕೊಂಡು ನಿನ್ನ ತಲಿಗೆ ಎಣ್ಣಿ ಹಚ್ಚಲಿಕ್ಕೆ ನನಗ ಆಗೂದಿಲ್ಲ, ಅದಕ್ಕ ಬರದೆ. ಮರತು ಬಿಟ್ಟಾಳ ಅಂತ ತಿಳೀಬ್ಯಾಡ, ಮರತಿಲ್ಲ. ಆದ್ರೂ ಬಾ.